ಗುಡ್ಡವನ್ನು ಹತ್ತಿರ ತಂದ ಲೆನ್ಸ್

ನನ್ನ ಕ್ಯಾಮೆರಾ ಮದುವೆ ಫೋಟೋ ತೆಗೆಯುವವರೊಬ್ಬರು ಬಳಸಿ ಬಿಟ್ಟದ್ದು. ಚಂದಾಪುರದಲ್ಲಿ ನಮ್ಮ ಮನೆಯ ಹಿಂದಿನ ರಸ್ತೆಯಲ್ಲೇ ಅವರ ಸ್ಟುಡಿಯೋ ಇತ್ತು. ಅದನ್ನು ಮುಚ್ಚಿ ಮೊಬೈಲ್ ಅಂಗಡಿ ಮಾಡುವಾಗ ಹಳೆಯ ಸಾಮಾನುಗಳನ್ನೆಲ್ಲ ಒಂದೊಂದಾಗಿ ಸಾಗಹಾಕುತ್ತಿದ್ದರು. ಪಾಸ್‌ಪೋರ್ಟ್ ಸೈಜ್ ಫೋಟೋಗೆಂದು ಹೋದವಳು ನಾನು. ವಾಪಸ್ಸು ಬರುವಾಗ ಕುತ್ತಿಗೆಯಲ್ಲಿ ಕ್ಯಾಮೆರಾ ತೂಗುತ್ತಿತ್ತು. ಅದರ ಜೊತೆಗೆ ಬಂದ ಲೆನ್ಸ್ ಗಿಡ್ಡದು. ಒಳಗಿನ ಗಾಜಿನ ಅಂಚಿಗೆ ಬೂಷ್ಟು ಹಿಡಿದಿತ್ತು. ಬೆಳಕಿಗೆ ಹಿಡಿದರೆ ಬಿಳಿ ದಾರದ ಎಳೆಗಳ ಹಾಗೆ ಕಾಣುತ್ತಿತ್ತು. "ಫೋಟೋದಲ್ಲಿ ಬರಲ್ಲ ಬಿಡಿ ಅಕ್ಕ," ಎಂದಿದ್ದರು ಅವರು. ಸೂರ್ಯನಿಗೆ ಎದುರಾಗಿ ನಿಂತು ತೆಗೆದರೆ ಬರುತ್ತಿತ್ತು.

ಹತ್ತಿರದ ಕೈಗಾರಿಕಾ ಪ್ರದೇಶದಲ್ಲಿ ವಾಹನಗಳ ಬಿಡಿಭಾಗ ಮಾಡುವ ಕಾರ್ಖಾನೆಯೊಂದರಲ್ಲಿ ನನ್ನ ಕೆಲಸ. ಮಾಡಿದ ತುಣುಕುಗಳ ಅಳತೆ ಸರಿಯಿದೆಯೇ ಎಂದು ನೋಡಬೇಕು. ಅದಕ್ಕೊಂದು ಯಂತ್ರವಿದೆ. ಕಡಲೆಕಾಳಿನಷ್ಟು ತುಣುಕಿನ ನೆರಳನ್ನು ತಟ್ಟೆಯಷ್ಟು ದೊಡ್ಡದು ಮಾಡಿ ಗಾಜಿನ ಪರದೆಯ ಮೇಲೆ ಬೀಳಿಸುತ್ತದೆ. ನೆರಳಿನ ಅಂಚು ಗೆರೆಯೊಳಗೆ ಇದ್ದರೆ ಪಾಸ್, ಗೆರೆ ದಾಟಿದರೆ ರಿಜೆಕ್ಟ್. ದಿನಕ್ಕೆ ಎಂಟು ಗಂಟೆ, ವರ್ಷಗಟ್ಟಲೆ, ಅಷ್ಟು ಹತ್ತಿರದಿಂದ ಅಷ್ಟು ಸಣ್ಣದನ್ನು ನೋಡಿದವಳಿಗೆ ರಜೆಯ ದಿನ ಬಂದರೆ ದೂರದ್ದನ್ನು ನೋಡಬೇಕು ಅನಿಸುತ್ತಿತ್ತು. ದೂರದ್ದೇನಾದರೂ, ಅಳೆಯಲು ಆಗದ್ದು.

ನಾನು ಹುಟ್ಟಿದ್ದು ಮಹದೇವಪುರದ ಕಡೆ. ಚಿಕ್ಕವಳಿದ್ದಾಗ ನಮ್ಮ ಮನೆಯ ಮೆಟ್ಟಿಲ ಮೇಲೆ ನಿಂತರೆ ಹೊಲ, ಅದರಾಚೆ ಕೆರೆ, ಅದರಾಚೆ ಆಕಾಶ ನೆಲಕ್ಕೆ ತಾಗುವ ಜಾಗ ಕಾಣುತ್ತಿತ್ತು. ಅದೇನು ದೊಡ್ಡ ವಿಷಯ ಅಂತ ಆಗ ಯಾರಿಗೂ ಅನಿಸಿರಲಿಲ್ಲ. ಈಗ ತವರಿಗೆ ಹೋದರೆ ಅದೇ ಮೆಟ್ಟಿಲಿಂದ ಎದುರಿನ ಪಿಜಿ ಹಾಸ್ಟೆಲಿನವರ ಒಗೆದ ಬಟ್ಟೆ ಕಾಣುತ್ತದೆ. ಅದಕ್ಕಾಗಿ ನಾನು ಅತ್ತವಳಲ್ಲ. ಅಪ್ಪ ಅಲ್ಲಿ ಮೂರು ಮಹಡಿ ಕಟ್ಟಿಸಿ ಬಾಡಿಗೆಗೆ ಕೊಟ್ಟು ನೆಮ್ಮದಿಯಾಗಿದ್ದಾರೆ. ಆದರೆ ಕೈಗೆ ಕ್ಯಾಮೆರಾ ಬಂದ ಮೇಲೆ ನಾನು ಹುಡುಕುತ್ತಿದ್ದದ್ದು ಅದೇ ಗೆರೆ ಎಂದು ನನಗೆ ಬೇಗ ಗೊತ್ತಾಯಿತು.

ಆನೇಕಲ್ ಕಡೆಗೆ ಸ್ಕೂಟರಿನಲ್ಲಿ ಇಪ್ಪತ್ತು ನಿಮಿಷ ಹೋದರೆ ಒಂದು ಕೆರೆ ಇದೆ. ಕೆರೆಯ ಆಚೆ ದಡದ ಹಿಂದೆ, ಸಾಕಷ್ಟು ದೂರದಲ್ಲಿ, ಒಂದು ಬಂಡೆಗುಡ್ಡ. ಭಾನುವಾರ ಬೆಳಗಿನ ಆರಕ್ಕೆಲ್ಲ ನಾನು ಏರಿಯ ಮೇಲೆ ಇರುತ್ತಿದ್ದೆ. ಗುಡ್ಡ ಕಣ್ಣಿಗೆ ಚೆನ್ನಾಗಿಯೇ ಕಾಣುತ್ತಿತ್ತು. ಫೋಟೋದಲ್ಲಿ ಮಾತ್ರ ಅದು ಹುಣಸೆಬೀಜದಷ್ಟಾಗಿ, ಅದರ ಅಕ್ಕಪಕ್ಕ ಟ್ರಾನ್ಸ್‌ಫಾರ್ಮರ್, ಲೇಔಟಿನ ಬೋರ್ಡು, ಅರ್ಧ ಕಟ್ಟಿದ ಫ್ಲಾಟುಗಳು ಎಲ್ಲ ಒಳಗೆ ನುಗ್ಗಿಬಿಡುತ್ತಿದ್ದವು. ಎಷ್ಟು ಪಕ್ಕಕ್ಕೆ ಸರಿದರೂ, ಎಷ್ಟು ಬಗ್ಗಿದರೂ ಅಷ್ಟೆ. ಗಿಡ್ಡ ಲೆನ್ಸಿಗೆ ಎಲ್ಲವೂ ಬೇಕು. ನನಗೆ ಒಂದೇ ಬೇಕಿತ್ತು.

ಆ ಏರಿಯ ಮೇಲೆ ಕೆಲವು ಭಾನುವಾರ ಬ್ರೂಕ್‌ಫೀಲ್ಡ್ ಕಡೆಯ ಒಂದು ಗುಂಪು ಕಾರುಗಳಲ್ಲಿ ಬರುತ್ತಿತ್ತು. ಆರೇಳು ಜನ, ಎಲ್ಲರೂ ಐಟಿಯವರು. ಮೂರು ಕಾಲಿನ ಸ್ಟ್ಯಾಂಡುಗಳನ್ನು ಸಾಲಾಗಿ ಊರಿ, ಮೊಣಕೈಯುದ್ದದ ಲೆನ್ಸುಗಳನ್ನು ಗುಡ್ಡದ ಕಡೆಗೆ ತಿರುಗಿಸಿ ನಿಲ್ಲುತ್ತಿದ್ದರು. ಅವರು ಬಂದರೆ ನಾನು ನನ್ನ ಕ್ಯಾಮೆರಾವನ್ನು ದುಪಟ್ಟಾದೊಳಗೆ ಎಳೆದುಕೊಂಡು, ವಾಕಿಂಗಿಗೆ ಬಂದವಳ ಹಾಗೆ ನಡೆದುಬಿಡುತ್ತಿದ್ದೆ.

ಅವರಲ್ಲಿ ಒಬ್ಬರು ಹೆಂಗಸು. ಐವತ್ತು ದಾಟಿದವರು, ಹಣೆಯಲ್ಲಿ ಸಣ್ಣಗೆ ವಿಭೂತಿ, ಕಾಲಿಗೆ ಟ್ರೆಕ್ಕಿಂಗ್ ಶೂ. ಒಂದು ದಿನ ಅವರೇ ನನ್ನನ್ನು ನಿಲ್ಲಿಸಿದರು.

"ನೀವು ಇಲ್ಲೇ ಇರೋರೇನ್ರೀ? ಈ ಮಂಜು ಯಾವಾಗ ಏಳತೈತಿ ಅಂತ ಏನರ ಲೆಕ್ಕ ಐತೇನು?"

"ಹಿಂದಿನ ದಿನ ಬಿಸಿಲಿದ್ದು, ರಾತ್ರಿ ಗಾಳಿ ಇಲ್ಲ ಅಂದ್ರೆ ಬರುತ್ತೆ ಮೇಡಂ," ಅಂದೆ. "ಇವತ್ತು ಬರಲ್ಲ. ಗಾಳಿ ಇದೆ."

ಅವರು ನಕ್ಕು ತಮ್ಮವರ ಕಡೆ ತಿರುಗಿ, "ಕೇಳಿದ್ರೇನು? ಸುಮ್ನ ನಾಕಕ್ಕ ಎದ್ದು ಬಂದೀವಿ," ಎಂದರು. ಆಮೇಲೆ ನನ್ನ ದುಪಟ್ಟಾದ ಉಬ್ಬನ್ನು ನೋಡಿ, "ಕ್ಯಾಮೆರಾ ಐತಲ್ರೀ ನಿಮ್ಮ ಹತ್ರ. ಮುಚ್ಚಿಡೋದು ಯಾಕ?" ಎಂದು ತಮ್ಮ ಕ್ಯಾಮೆರಾದಿಂದ ಸರಿದು ಜಾಗ ಕೊಟ್ಟರು. "ಬರ್ರಿ, ಇದರಾಗ ನೋಡ್ರಿ."

ನಾನು ಬಗ್ಗಿ ಕಣ್ಣಿಟ್ಟೆ. ಗುಡ್ಡ ಎದ್ದು ಬಂದು ನನ್ನ ಮುಂದೆ ನಿಂತಿತ್ತು. ಬಂಡೆಯ ಮೈಮೇಲೆ ನೀರು ಹರಿದ ಕಪ್ಪು ಗೆರೆಗಳು, ಬುಡದಲ್ಲಿ ಎರಡು ಈಚಲು ಮರ, ಅವುಗಳ ಒಂದೊಂದು ಗರಿ. ಟ್ರಾನ್ಸ್‌ಫಾರ್ಮರ್ ಇಲ್ಲ, ಬೋರ್ಡಿಲ್ಲ, ಫ್ಲಾಟಿಲ್ಲ. ನಾನು ಎಷ್ಟು ಹೊತ್ತು ಬಗ್ಗಿ ನಿಂತಿದ್ದೆನೋ, ಮೇಡಂ ಕೊನೆಗೆ ಮೆಲ್ಲಗೆ ಕೆಮ್ಮಿದರು.

ಅವತ್ತಿನಿಂದ ನನಗೆ ಅದರದ್ದೇ ಧ್ಯಾನ. ಊಟದ ಬಿಡುವಿನಲ್ಲಿ ಕ್ಯಾಂಟೀನಿನ ಮೂಲೆಯಲ್ಲಿ ಕೂತು ಫೋನಿನಲ್ಲಿ ಆ ಲೆನ್ಸಿನ ಬಗ್ಗೆ ಸಿಕ್ಕಿದ್ದೆಲ್ಲ ಓದಿದೆ. ಅದರ ತೂಕ, ಒಳಗೆ ಎಷ್ಟು ಗಾಜು, ಯಾವ ಉಂಗುರ ಯಾವ ಕಡೆ ತಿರುಗುತ್ತದೆ, ಎಲ್ಲ ಬಾಯಿಪಾಠ. ಬೆಲೆಯನ್ನು ಒಂದು ಸಲ ನೋಡಿ ಮತ್ತೆ ನೋಡಲಿಲ್ಲ. ಮೇಡಂ ಜೊತೆ ಭಾನುವಾರಗಳ ಸ್ನೇಹ ಬೆಳೆಯಿತು. ಅವರು ಧಾರವಾಡದ ಕಡೆಯವರು, ದೊಡ್ಡ ಕಂಪನಿಯಲ್ಲಿ ದೊಡ್ಡ ಕೆಲಸ. ಫ್ಲಾಸ್ಕಿನಲ್ಲಿ ಚಹಾ ತಂದು ಮೊದಲ ಲೋಟ ನನಗೇ ಕೊಡುತ್ತಿದ್ದರು. ಅಷ್ಟು ಒಳ್ಳೆಯವರ ಮೇಲೆ ನನಗೆ ಒಳಗೊಳಗೇ ಸಿಟ್ಟು ಬರುತ್ತಿತ್ತು. ಲೆನ್ಸಿನ ಮುಚ್ಚಳವನ್ನು ಹಲ್ಲಲ್ಲಿ ಕಚ್ಚಿ ಹಿಡಿಯುತ್ತಿದ್ದರು. ಚೀಲವನ್ನು ಒದ್ದೆ ಹುಲ್ಲಿನ ಮೇಲೆ ಹಾಗೇ ಇಡುತ್ತಿದ್ದರು. ನನ್ನದಾಗಿದ್ದರೆ, ಅಂದುಕೊಳ್ಳುತ್ತಿದ್ದೆ. ನನ್ನದಾಗಿದ್ದರೆ ಮಗುವಿನ ಹಾಗೆ ನೋಡಿಕೊಳ್ಳುತ್ತಿದ್ದೆ.

ಒಂದು ಭಾನುವಾರ ಏರಿಯಿಂದ ಕೆಳಗಿಳಿಯುವಾಗ ಅವರ ಕಾಲು ಜಾರಿತು. ನಾನು ಪಕ್ಕದಲ್ಲೇ ಇದ್ದೆ. ಕೈ ಚಾಚಿದೆ. ನನ್ನ ಎರಡೂ ಕೈ ಹಿಡಿದದ್ದು ಲೆನ್ಸನ್ನು. ಮೇಡಂ ಕೆಸರಿನಲ್ಲಿ ಕೂತಿದ್ದರು.

"ಭಲೇ ಹಿಡದ್ರಿ ನೀವು," ಎಂದು ಅವರು ನಿಜವಾಗಿಯೂ ಮೆಚ್ಚಿ ಹೇಳಿದರು. ನನಗೆ ಮುಖ ಎತ್ತಲಾಗಲಿಲ್ಲ.

ಅವರ ಮಂಡಿ ಮೊದಲೇ ಹಾಳಾಗಿತ್ತಂತೆ. ಈ ಬೀಳುವಿಕೆಯಿಂದಲ್ಲ, ಬಹಳ ಹಿಂದಿನಿಂದ. ಆ ಚಳಿಗಾಲಕ್ಕೆ ಆಪರೇಷನ್ ನಿಗದಿಯಾಯಿತು. ಆಸ್ಪತ್ರೆಗೆ ಹೋಗುವ ಮುಂಚೆ ನನ್ನನ್ನು ಮನೆಗೆ ಕರೆದರು. ಹನ್ನೊಂದನೇ ಮಹಡಿಯ ಫ್ಲಾಟು. ಗೋಡೆಯ ಪಕ್ಕದಲ್ಲಿ ಗಾಜಿನ ಬಾಗಿಲಿನ ಪುಟ್ಟ ಬೀರು, ತೇವ ತಗಲದಂತೆ ಒಳಗೆ ಸಣ್ಣ ದೀಪ. ಅದರಲ್ಲಿ ಲೆನ್ಸುಗಳು ದೇವರ ಮನೆಯ ವಿಗ್ರಹಗಳ ಹಾಗೆ ಸಾಲಾಗಿ ಕೂತಿದ್ದವು. ಅವರು ಆ ಉದ್ದದ್ದನ್ನು ಕ್ಯಾಮೆರಾದ ಸಮೇತ ತೆಗೆದು ನನ್ನ ತೊಡೆಯ ಮೇಲೆ ಇಟ್ಟರು.

"ಒಂದೂವರಿ ತಿಂಗಳು ನಾ ಏರಿ ಹತ್ತಂಗಿಲ್ಲ. ಮಂಜಿನ ದಿನ ಎಲ್ಲಾ ಹೋಗಿಬಿಡತಾವ. ನೀವು ತಗೀರಿ. ಭಾನುವಾರ ಮಧ್ಯಾಹ್ನ ಮೆಮರಿ ಕಾರ್ಡ್ ತೊಗೊಂಡ್ ಬರ್ರಿ, ನಾ ಇಲ್ಲೇ ಕುಂತು ನೋಡ್ತೀನಿ."

"ಬೇಡ ಮೇಡಂ, ಏನಾದ್ರೂ ಆದ್ರೆ," ಎಂದೆ. ಹೇಳುವಾಗಲೇ ನನ್ನ ಬೆರಳು ಉಂಗುರವನ್ನು ತಿರುಗಿಸಿ ನೋಡುತ್ತಿತ್ತು.

"ಬೀಳದಂಗ ಹಿಡಿಯೋದು ನಿಮಗ ಗೊತ್ತೈತಿ," ಎಂದರು.

ಮನೆಗೆ ತಂದಾಗ ನನ್ನ ಗಂಡ, ಲೇತ್ ಯಂತ್ರದ ಮುಂದೆ ನಿಲ್ಲುವ ಮನುಷ್ಯ, ಕೈ ತೊಳೆದು ಒರೆಸಿಕೊಂಡು ಬಂದು ಅದನ್ನು ಎತ್ತಿ ನೋಡಿದರು. ಉಂಗುರ ತಿರುಗುವ ನುಣುಪಿಗೆ ತಲೆದೂಗಿ, "ಒಳ್ಳೆ ಕೆಲ್ಸ ಕಣೆ. ಎಲ್ಲೂ ಲೂಸ್ ಆಗಿ ಆಡಲ್ಲ ನೋಡು," ಎಂದರು. ಅಕ್ಕಿ ಡಬ್ಬದ ಪಕ್ಕದ ಎತ್ತರದ ಗೂಡನ್ನು ಖಾಲಿ ಮಾಡಿ ಜಾಗ ಮಾಡಿಕೊಟ್ಟರು.

ಆ ತಿಂಗಳು ನಾನು ಇನ್ನೊಬ್ಬಳೇ ಆಗಿದ್ದೆ. ಭಾನುವಾರ ಮಾತ್ರವಲ್ಲ, ಎರಡನೇ ಪಾಳಿ ಇದ್ದ ದಿನಗಳಲ್ಲೂ ಬೆಳಗಾಗೆದ್ದು ಕೆರೆಗೆ ಹೋದೆ. ಏರಿಯ ಮೇಲೆ ನಡೆಯುವವರು ಈಗ ನನ್ನನ್ನು ನೋಡಿ ದಾರಿ ಬಿಡುತ್ತಿದ್ದರು. ಒಬ್ಬರು ಯಾವ ಪೇಪರಿನವರು ಎಂದು ಕೇಳಿದರು. ಕಾರ್ಖಾನೆಯಲ್ಲಿ ನನ್ನ ಪಕ್ಕದ ಯಂತ್ರದ ಹುಡುಗಿ ನನ್ನ ಫೋನಿನಲ್ಲಿ ಆ ಲೆನ್ಸಿನ ಚಿತ್ರ ನೋಡಿ, "ಅಕ್ಕಾ, ಇದು ನಿಮ್ದಾ?" ಎಂದಳು.

"ಹೂಂ," ಎಂದೆ.

ಅಷ್ಟೇ. ಒಂದು ಅಕ್ಷರ. ಸಂಜೆಯೊಳಗೆ ಅದು ಇಡೀ ಸೆಕ್ಷನ್ನಿಗೆ ಗೊತ್ತಾಗಿತ್ತು. ಸೂಪರ್‌ವೈಸರ್ ಕೂಡ ಬಂದು, ಮಗಳ ನಾಮಕರಣಕ್ಕೆ ಫೋಟೋ ತೆಗೆಯುತ್ತೀರಾ ಎಂದು ಕೇಳಿಹೋದರು. ನಾನು ಯಾರಿಗೂ ತಿದ್ದಿ ಹೇಳಲಿಲ್ಲ. ಹೇಳಬಹುದಿತ್ತು, ಪೂರ್ತಿ ಒಂದು ತಿಂಗಳ ಸಮಯವಿತ್ತು.

ಭಾನುವಾರ ಮಧ್ಯಾಹ್ನಗಳಲ್ಲಿ ಎರಡು ಬಸ್ಸು ಬದಲಿಸಿ ಬ್ರೂಕ್‌ಫೀಲ್ಡಿಗೆ ಹೋಗುತ್ತಿದ್ದೆ. ಮೇಡಂ ಕಾಲನ್ನು ಸ್ಟೂಲಿನ ಮೇಲೆ ಚಾಚಿ ಕೂತು, ಚಿತ್ರಗಳನ್ನು ದೊಡ್ಡ ಟಿವಿಯ ಮೇಲೆ ಹಾಕಿಸುತ್ತಿದ್ದರು. "ಇದರಾಗ ಅವಸರ ಮಾಡೀರಿ. ಬಿಸಿಲು ಬಂಡೆ ಹೆಗಲಿಗೆ ಬರೂತನಕ ಕಾಯಬೇಕಿತ್ತು." "ಇನ್ನೊಂದ್ ನಾಕ್ ಹೆಜ್ಜೆ ಎಡಕ್ಕ ನಿಲ್ರಿ." ಅವರು ಹೇಳಿದ್ದನ್ನು ನಾನು ಮುಂದಿನ ವಾರ ಮಾಡುತ್ತಿದ್ದೆ. ಚಿತ್ರಗಳು ನಿಜವಾಗಿಯೂ ಸುಧಾರಿಸಿದವು.

ಸಂಕ್ರಾಂತಿಗೆ ಎರಡು ದಿನ ಮೊದಲು ಆ ಬೆಳಗು ಬಂತು. ಗಾಳಿ ಎಂಬುದೇ ಇರಲಿಲ್ಲ. ಮಂಜು ನೀರಿನ ಮೇಲೆ ಸೊಂಟದೆತ್ತರಕ್ಕೆ ಮಟ್ಟವಾಗಿ ಕೂತಿತ್ತು. ಒಬ್ಬ ಮೀನುಗಾರ ತೆಪ್ಪದಲ್ಲಿ ನಿಂತಿದ್ದ. ತೆಪ್ಪ ಕಾಣುತ್ತಿರಲಿಲ್ಲ, ಮಂಜಿನ ಮೇಲೆಯೇ ನಿಂತವನಂತೆ ಅವನ ಅರ್ಧ ಮೈ ಮಾತ್ರ. ಹಿಂದೆ ಗುಡ್ಡ ಇನ್ನೂ ನೀಲಿ. ನಾನು ನಾಲ್ಕು ಹೆಜ್ಜೆ ಎಡಕ್ಕೆ ನಿಂತು ಕಾದೆ. ಬಿಸಿಲು ಬಂಡೆಯ ಹೆಗಲಿಗೆ ಬಂದು ಎರಡು ಈಚಲು ಮರಗಳ ತಲೆ ಮುಟ್ಟಿತು. ಒಂದೇ ಒಂದು ಸಲ ಗುಂಡಿ ಒತ್ತಿದೆ. ಅಷ್ಟರಲ್ಲಿ ಮೀನುಗಾರ ಬಗ್ಗಿದ, ಮತ್ತೆ ಹಾಗೆ ನಿಲ್ಲಲಿಲ್ಲ. ಪರದೆಯಲ್ಲಿ ನೋಡಿದೆ. ಚಿಕ್ಕವಳಿದ್ದಾಗ ಮೆಟ್ಟಿಲ ಮೇಲಿಂದ ಕಂಡ ಗೆರೆ ಅದರಲ್ಲಿತ್ತು. ಅದು ಬೇರೆ ಊರಿನದು, ಬೇರೆ ಕೆರೆಯದು, ಆದರೂ ಅದೇ. ಚಳಿಗೋ ಯಾತಕ್ಕೋ ನನ್ನ ಮೂಗು ಸೋರುತ್ತಿತ್ತು. ಏರಿಯ ಕಲ್ಲಿನ ಮೇಲೆ ಕೂತುಬಿಟ್ಟೆ.

ಭಾನುವಾರ ಮೇಡಂ ಟಿವಿಯಲ್ಲಿ ಆ ಚಿತ್ರ ಹಾಕಿಸಿದರು. ಟಿವಿಯನ್ನು ಬಹಳ ಹೊತ್ತು ನೋಡಿ, "ಇದನ್ನ ನನ್ನ ಲ್ಯಾಪ್‌ಟಾಪಿಗೆ ಹಾಕ್ರಿ," ಎಂದರು ಅಷ್ಟೆ.

ಗಣರಾಜ್ಯೋತ್ಸವದ ದಿನ ಅವರ ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿನಲ್ಲಿ ನಿವಾಸಿಗಳ ಫೋಟೋ ಪ್ರದರ್ಶನ ಇತ್ತು. ಬನ್ನಿ ಎಂದು ಮೇಡಂ ಹೇಳಿದ್ದರು. ಅವರು ಊರುಗೋಲು ಹಿಡಿದು ನಡೆಯತೊಡಗಿದ್ದರಿಂದ ಕ್ಯಾಮೆರಾವನ್ನೂ ಅವತ್ತೇ ಹಿಂದಿರುಗಿಸಬೇಕೆಂದು ಗಂಡನನ್ನೂ ಕರೆದುಕೊಂಡು ಹೊರಟೆ. ಬಸ್ಸಿನಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ನಿಲ್ದಾಣ ಬೇಗ ಬಾರದಿರಲಿ ಅನಿಸುತ್ತಿತ್ತು.

ಒಳಗೆ ಹೋದರೆ ಎದುರು ಗೋಡೆಯಲ್ಲೇ ನಾನು ತೆಗೆದ ಮಂಜಿನ ಚಿತ್ರ. ಬಾಗಿಲಿನಷ್ಟು ಅಗಲ, ಕಪ್ಪು ಚೌಕಟ್ಟು. ನನ್ನ ಎದೆ ಉಬ್ಬಿತು. ಹತ್ತಿರ ಹೋಗಿ ಕೆಳಗಿನ ಚೀಟಿ ಓದಿದೆ. ಅದರಲ್ಲಿ ಮೇಡಂ ಹೆಸರಿತ್ತು, ಫ್ಲಾಟಿನ ನಂಬರಿತ್ತು.

ಮೇಡಂ ಆಚೆ ಕುರ್ಚಿಯಲ್ಲಿ ಕೂತಿದ್ದರು, ಸುತ್ತ ನಾಲ್ಕೈದು ಜನ. ಒಬ್ಬರು ಕೇಳುತ್ತಿದ್ದರು, "ಸಕ್ಕತ್ತಾಗಿದೆ ಮೇಡಂ. ಎಷ್ಟೊತ್ತು ಕಾದ್ರಿ ಇದಕ್ಕೆ?"

"ಭಾಳ ಹೊತ್ತು ಕಾದೆ," ಎಂದರು ಮೇಡಂ. "ಚಳಿ ಇತ್ತು ನೋಡ್ರಿ ಅವತ್ತು. ಬೆರಳು ಅಲ್ಲಾಡಲಿಲ್ಲ."

ಆಗ ಅವರು ತಲೆಯೆತ್ತಿ ನನ್ನನ್ನು ಕಂಡರು. ಅವರ ಮುಖದಲ್ಲಿ ಏನಾಯಿತು ಎಂದು ಬರೆಯಲು ನನಗೆ ಇಷ್ಟವಿಲ್ಲ. ನಾನು ಹೋಗಿ ಚೀಲವನ್ನು ಅವರ ಪಕ್ಕದ ಕುರ್ಚಿಯ ಮೇಲಿಟ್ಟೆ. "ಎಲ್ಲಾ ಒರೆಸಿ ಇಟ್ಟಿದೀನಿ ಮೇಡಂ. ಬ್ಯಾಟರಿ ಚಾರ್ಜ್ ಆಗಿದೆ." "ಊಟ ಮಾಡಿ ಹೋಗ್ರಿ," ಎಂದರು ಅವರು, ನೆಲ ನೋಡುತ್ತ. ನಾವು ಊಟ ಮಾಡಲಿಲ್ಲ.

ಬಸ್ಸಿನಲ್ಲಿ ಗಂಡ ಕೇಳಿದರು. "ಅದು ನೀನ್ ತೆಗ್ದಿದ್ದಲ್ವಾ?"

"ಹೂಂ."

"ಮತ್ತೆ ಬಾಯ್ ಮುಚ್ಕೊಂಡ್ ಬಂದ್ಬಿಟ್ಟೆ. ಕೇಳ್ಬೇಕಿತ್ತು ಕಣೆ."

ಕೇಳಬೇಕಿತ್ತು. ಆದರೆ ಆ 'ಹೂಂ' ಎನ್ನುವಾಗಲೇ ನನಗೆ ಕಾರ್ಖಾನೆಯಲ್ಲಿ ಹೇಳಿದ ಇನ್ನೊಂದು 'ಹೂಂ' ನೆನಪಾಗಿತ್ತು. ಅದನ್ನು ಗಂಡನಿಗೆ ಹೇಳಿದೆ. ಅವರು ಕಿಟಕಿಯಾಚೆ ನೋಡುತ್ತ, "ಅದು ಬೇರೆ, ಇದು ಬೇರೆ," ಎಂದರು. ಬೇರೆಯೇ ಇರಬಹುದು. ನನಗೆ ಅವತ್ತು ಹಾಗನಿಸಲಿಲ್ಲ. ಅಷ್ಟಕ್ಕೂ ತೊಡೆಯ ಮೇಲೆ ಚೀಲ ಇಲ್ಲದ್ದೇ ನನಗೆ ಆ ಹೊತ್ತಿನ ದೊಡ್ಡ ದುಃಖವಾಗಿತ್ತು. ಚೀಟಿಯಲ್ಲಿದ್ದ ಹೆಸರು ಎರಡನೆಯದು. ನಾಚಿಕೆಯಾದರೂ ಅದೇ ನಿಜ.

ಹತ್ತು ದಿನ ಕಳೆದು ಮೇಡಂ ಫೋನ್ ಮಾಡಿದರು. ಬರ್ತೀರೇನ್ರೀ ಎಂದಷ್ಟೇ ಕೇಳಿದರು. ಹೋದೆ. ಅವಲಕ್ಕಿ ಮಾಡಿದ್ದರು. ಇಬ್ಬರೂ ತಟ್ಟೆ ಹಿಡಿದು ಕೂತೆವು, ಯಾರೂ ತಿನ್ನಲಿಲ್ಲ.

"ಹೆಸರು ನಾನಽ ಬರೆದು ಕೊಟ್ಟಿದ್ದು," ಎಂದರು ಮೇಡಂ. "ಬ್ಯಾರೆಯವರು ತಪ್ಪು ಮಾಡಿದ್ರು ಅಂತ ಹೇಳಬಹುದಿತ್ತು. ಹೇಳಂಗಿಲ್ಲ. ಒಂದೂವರಿ ತಿಂಗಳು ಈ ಕುರ್ಚಿ ಮ್ಯಾಲೆ ಕುಂತೀನಿ. ಕ್ಯಾಮೆರಾ ನಂದು, ಲೆನ್ಸ್ ನಂದು, ಎಲ್ಲಿ ನಿಲ್ಲಬೇಕು ಅಂತ ಹೇಳಿದ್ದೂ ನಾನು. ದಿನಾ ನೋಡಿ ನೋಡಿ ನಾನಽ ಅಲ್ಲಿದ್ದೆ ಅನಿಸಿಬಿಟ್ಟಿತು. ಯಾರೋ ಕೇಳಿದಾಗ ಚಳಿ ಸೈತ ಹತ್ತಿದಂಗಾತು ನನಗ."

ನಾನು ತಟ್ಟೆಯನ್ನು ಕೆಳಗಿಟ್ಟೆ.

"ಇಪ್ಪತ್ತು ವರ್ಷದಿಂದ ಲೆನ್ಸ್ ತೊಗೊಳ್ಳಾಕತ್ತೀನಿ," ಎಂದರು. "ಅಂಥಾ ಬೆಳಗು ನನಗ ಒಂದೂ ಸಿಕ್ಕಿಲ್ಲ. ನಿಮಗ ಸಿಕ್ಕಿತು. ಹೊಟ್ಟೆಕಿಚ್ಚು ಆತು ನನಗ. ಖರೇ ಹೇಳಾಕತ್ತೀನಿ."

ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿಗೆ ಅವರು ಬರೆದು ಹಾಕಿದ್ದನ್ನು ಫೋನಿನಲ್ಲಿ ತೋರಿಸಿದರು. ಚಿತ್ರ ನನ್ನದು, ತಮ್ಮದಲ್ಲ, ತಪ್ಪಾಯಿತು ಎಂದಿತ್ತು. ಕೆಳಗೆ ನಾಲ್ಕಾರು ಹೆಬ್ಬೆರಳುಗಳು, ಅದರ ಕೆಳಗೆ ನೀರಿನ ಟ್ಯಾಂಕರ್ ಬಗ್ಗೆ ಜಗಳ.

ಆಗ ನಾನೂ ಹೇಳಿದೆ. ಕಾರ್ಖಾನೆಯಲ್ಲಿ ಎಲ್ಲರೂ ಆ ಲೆನ್ಸ್ ನನ್ನದೆಂದು ತಿಳಿದಿರುವುದನ್ನು, ನಾನೇ ಹಾಗೆ ಹೇಳಿದ್ದನ್ನು, ನಾಮಕರಣಕ್ಕೆ ಕರೆದದ್ದನ್ನು. ಏರಿಯ ಮೇಲೆ ಅವರು ಜಾರಿದ ದಿನ ನನ್ನ ಕೈ ಎಲ್ಲಿಗೆ ಹೋಯಿತು ಎನ್ನುವುದನ್ನೂ ಹೇಳಿದೆ.

ಮೇಡಂ ನನ್ನ ಮುಖವನ್ನೇ ನೋಡಿದರು. ಆಮೇಲೆ ನಗತೊಡಗಿದರು. ಮಂಡಿ ನೋಯುತ್ತದೆ ಎನ್ನುತ್ತ, ಮಂಡಿ ಹಿಡಿದುಕೊಂಡು ನಕ್ಕರು. "ನನಗ ಗೊತ್ತಿತ್ತ್ರೀ," ಎಂದರು. "ನಾನಾಗಿದ್ರೂ ಅದನ್ನಽ ಹಿಡೀತಿದ್ದೆ." ನನಗೂ ನಗು ಬಂತು. ತಣ್ಣಗಾದ ಅವಲಕ್ಕಿ ತಿಂದೆವು. ಹೊರಡುವಾಗ ಆ ಚೌಕಟ್ಟಿನ ಚಿತ್ರವನ್ನು ಅವರೇ ಕಾರಿನಲ್ಲಿ ಕಳಿಸಿಕೊಟ್ಟರು. ಬಾಗಿಲ ಬಳಿ ನಿಂತಾಗ ನನ್ನ ಕಣ್ಣು ದೀಪವಿದ್ದ ಬೀರುವಿನ ಕಡೆ ಹೋಯಿತು. ಹೋದದ್ದನ್ನು ಅವರು ಕಂಡರು. 

ಚಿತ್ರ ನಮ್ಮ ಹಾಲಿನ ಒಂದು ಗೋಡೆಯನ್ನೇ ಮುಚ್ಚಿತು. ಗಂಡ ಅದಕ್ಕಾಗಿ ಕ್ಯಾಲೆಂಡರನ್ನು ಅಡುಗೆಮನೆಗೆ ಸಾಗಿಸಿದರು. ಕಾರ್ಖಾನೆಯಲ್ಲಿ ನಿಜ ಹೇಳಿದೆ. ಪಕ್ಕದ ಯಂತ್ರದ ಹುಡುಗಿ ಎರಡು ದಿನ ಮಾತು ಬಿಟ್ಟು, ಮೂರನೇ ದಿನ ಏನೂ ಆಗದವಳಂತೆ ಉಪ್ಪಿನಕಾಯಿ ಕೊಟ್ಟಳು.

ಅದಾದ ಮೇಲೆ ಒಂದು ಆಸೆ ನನ್ನೊಳಗೆ ಉಳಿದುಕೊಂಡಿತು. ಮೇಡಂ ಎಂದಾದರೊಂದು ದಿನ ಆ ಲೆನ್ಸನ್ನು ನನಗೆ ಕೊಡುತ್ತಾರೆ ಎಂದು. ಯಾಕೆ ಕೊಡಬೇಕು, ಕಾರಣವೇ ಇಲ್ಲ. ಆದರೂ ಅವರ ಫೋನ್ ಬಂದಾಗಲೆಲ್ಲ ಮೊದಲು ಅದೇ ಅನಿಸುತ್ತಿತ್ತು.

ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಸಂಜೆ, ನಾನು ಕಾರ್ಖಾನೆಯ ಬಸ್ಸಿನಿಂದ ಇಳಿಯುವಾಗ ಅವರು ಫೋನ್ ಮಾಡಿದರು. ಊರುಗೋಲು ಬಿಟ್ಟಿದ್ದಾರಂತೆ, ಮುಂದಿನ ತಿಂಗಳಿಂದ ಕೆರೆಗೆ ಬರುತ್ತಾರಂತೆ. "ಆ ಉದ್ದಂದು ಮಾರಿಬಿಟ್ಟೆ ನೋಡ್ರಿ," ಎಂದರು ಮಾತಿನ ನಡುವೆ. "ಭಾರ ಆಗ್ತಿತ್ತು ಕೈಗೆ. ಹಗುರಂದು ತೊಗೊಂಡೀನಿ. ಬಂದಾಗ ತೋರಸ್ತೀನಿ."

"ಒಳ್ಳೇದಾಯ್ತು ಮೇಡಂ," ಎಂದೆ.

ಹೊಸೂರು ರಸ್ತೆಯ ಪಕ್ಕ ಬಹಳ ಹೊತ್ತು ನಿಂತಿದ್ದೆ. ನನ್ನನ್ನು ಒಂದು ಮಾತು ಕೇಳಲಿಲ್ಲ. ಕೇಳಿದ್ದರೂ ಕೊಳ್ಳುವುದು ನನ್ನಿಂದ ಆಗುತ್ತಿರಲಿಲ್ಲ, ಅದು ಅವರಿಗೂ ಗೊತ್ತು. ಅದಕ್ಕೇ ಕೇಳಿರಲಿಕ್ಕಿಲ್ಲ. ಆದರೂ ಕೇಳಬಹುದಿತ್ತು. ಯಾರ ಕೈಗೆ ಹೋಯಿತು, ಅವರು ಅದನ್ನು ಎಲ್ಲಿ ಇಡುತ್ತಾರೆ ಎಂದು ವಿಚಾರಿಸಲು ನನಗೆ ಧೈರ್ಯ ಬರಲಿಲ್ಲ.

ಆ ಭಾನುವಾರ ನನ್ನ ಗಿಡ್ಡ ಲೆನ್ಸಿನ ಕ್ಯಾಮೆರಾ ಹಿಡಿದು ಕೆರೆಗೆ ಹೋದೆ. ಗಾಳಿ ಇತ್ತು, ಮಂಜಿರಲಿಲ್ಲ. ಆಚೆ ದಡದಲ್ಲಿ ಹೊಸದಾಗಿ ಒಂದು ಕ್ರೇನು ನಿಂತಿತ್ತು, ಅದರ ಚಾಚಿದ ಕೈ ಗುಡ್ಡದ ಮೇಲೆಯೇ ಬರುತ್ತಿತ್ತು. ಹೊಸ ಲೆನ್ಸಾದರೂ, ಹಳೆಯದಾದರೂ, ಈಗ ಆ ಕ್ರೇನನ್ನು ಬಿಟ್ಟು ಗುಡ್ಡವನ್ನು ಮಾತ್ರ ಹಿಡಿಯಲು ಎಲ್ಲಿ ನಿಲ್ಲಬೇಕು ಎಂದು ಯೋಚಿಸುತ್ತ ಏರಿಯ ಮೇಲೆ ಆ ತುದಿಯಿಂದ ಈ ತುದಿಗೆ ನಡೆದೆ. ಒಂದು ಕಡೆ, ಜಾಲಿಮರದ ಪಕ್ಕ, ಒಂದು ಸಂದು ಸಿಕ್ಕಿತು. ಉದ್ದದ ಲೆನ್ಸಿದ್ದರೆ ಅಲ್ಲಿಂದ ಸಿಗುತ್ತಿತ್ತು. ಮೇಡಂ ಬಂದಾಗ ತೋರಿಸಬೇಕು ಎಂದುಕೊಂಡು ಆ ಜಾಗದಲ್ಲಿ ಒಂದು ಕಲ್ಲು ಇಟ್ಟು ಬಂದೆ.